ಹಳೆ 407 ಘಾಟಿ ಹತ್ತುತ್ತಿಲ್ಲವಾ? ಇಂಜಿನ್ ಬಿಚ್ಚುವ ಮೊದಲು ಇದನ್ನ ನೋಡಿ

[ದೃಶ್ಯ: ಶಿರಸಿ ಹತ್ತಿರದ ಒಂದು ಮನೆ. ಅಂಗಳದ ಪಕ್ಕ ತಗಡಿನ ಶೆಡ್ಡು. ಹೊರಗೆ ಜೋರು ಮಳೆ. ಬಾನೆಟ್ ಎತ್ತಿ ನಿಲ್ಲಿಸಿದ ಟಾಟಾ 407 ಸಣ್ಣ ಲಾರಿ.]

ನಮಸ್ಕಾರ. ಮಳೆ ಸದ್ದು ಸ್ವಲ್ಪ ಜಾಸ್ತಿ ಇದೆ, ಸಹಿಸಿಕೊಳ್ಳಿ. ನಮ್ಮ ಕಡೆ ಗಾಡಿ ರಿಪೇರಿಗೆ ಇದೇ ಸೀಸನ್. ಅಡಿಕೆ ಕೊಯ್ಲು ಇಲ್ಲ, ಚಿರೆಕಲ್ಲು ಕ್ವಾರಿಯೂ ಬಂದ್. ಗಾಡಿ ಸುಮ್ನೆ ನಿಂತಿರುತ್ತದೆ.

ಇದು ನಮ್ಮ ಚಿಕ್ಕಪ್ಪನ 407. ಕುಮಟೆಯಿಂದ ಲೋಡ್ ಹಾಕಿಕೊಂಡು ದೇವಿಮನೆ ಘಾಟಿ ಹತ್ತುವಾಗ ಉಸಿರು ಬಿಡುತ್ತದೆ ಅನ್ನೋದು ಅವರ ದೂರು. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಆ ಎತ್ತರದ ಬಹುಪಾಲನ್ನು ಗಾಡಿ ಆ ಘಾಟಿಯಲ್ಲೇ ಏರಬೇಕು. ಇಂಜಿನ್ನಿನ ಬಂಡವಾಳ ಹೊರಬೀಳುವುದೂ ಅಲ್ಲೇ.

ಚಿಕ್ಕಪ್ಪ: ಫುಲ್ ಇಂಜಿನ್ ಕೆಲಸ ಮಾಡಿಸ್ಬೇಕು ಅಂದ್ರು ಮಾರಾಯಾ. ಕೂಡೇ ಒಂದು ಟರ್ಬೋ ಹಾಕ್ಸಿಬಿಡುವಾ ಅಂತಿದ್ದೆ.

ಫುಲ್ ಇಂಜಿನ್ ಅಂದರೆ ಇಡೀ ಇಂಜಿನ್ ಬಿಚ್ಚಿ ಹೊಸದು ಮಾಡುವುದು. ಟರ್ಬೋ ಅಂದರೆ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಎರಡಕ್ಕೂ ಈಗಲೇ ಹೂಂ ಅನ್ನಬೇಡಿ. ಹಳೆ ಡೀಸೆಲ್ ಇಂಜಿನ್ನಿಗೆ ಶಕ್ತಿ ಸಾಲದು ಅಂದ ಕೂಡಲೇ ಪಿಸ್ಟನ್ ಹೋಗಿದೆ ಅಂತ ಅರ್ಥ ಅಲ್ಲ. ಗಾಳಿ, ಡೀಸೆಲ್, ನೀರು ಈ ಮೂರನ್ನೂ ನೋಡದೆ ಸ್ಪ್ಯಾನರ್ ಹಿಡಿದರೆ ದುಡ್ಡು ತಪ್ಪು ಜಾಗಕ್ಕೆ ಹೋಗುತ್ತದೆ. ಇನ್ನು ಅಪ್‌ಗ್ರೇಡ್ ವಿಷಯ. ಘಾಟಿ ಓಡಿಸುವವರಿಗೆ ಟರ್ಬೋಗಿಂತ ಒಳ್ಳೆ ರೇಡಿಯೇಟರ್ ಹೆಚ್ಚು ಕೆಲಸಕ್ಕೆ ಬರುತ್ತದೆ ಅಂತ ನಾನು ನಂಬಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

[ದೃಶ್ಯ: ಇಂಜಿನ್ ಬ್ಲಾಕ್ ಹತ್ತಿರದಿಂದ]

ಮೊದಲು ಈ ಇಂಜಿನ್ ಯಾವುದು ಅಂತ ನೋಡೋಣ. 407 ಬಂದಿದ್ದು 1986ರಲ್ಲಿ, ಕಂಪನಿಯ ಹೆಸರು ಇನ್ನೂ ಟೆಲ್ಕೋ ಆಗಿದ್ದ ಕಾಲ. ಹಳೆ 407ಗಳಲ್ಲಿ ಹೆಚ್ಚಾಗಿ ಸಿಗುವುದು 497 ಇಂಜಿನ್. ಲೆಕ್ಕ ಸರಳ. 4 ಸಿಲಿಂಡರ್, 97 ಮಿಲಿಮೀಟರ್ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ. ಪಿಸ್ಟನ್ ಓಡಾಡುವ ದೂರ, ಅಂದರೆ ಸ್ಟ್ರೋಕ್, 100 ಮಿಲಿಮೀಟರ್. ನಾಲ್ಕೂ ಸಿಲಿಂಡರಿನ ಒಟ್ಟು ಗಾತ್ರ ಲೆಕ್ಕ ಹಾಕಿದರೆ 2956 ಸಿಸಿ ಬರುತ್ತದೆ. ದೊಡ್ಡ ಲಾರಿಗಳ 697 ಇಂಜಿನ್ನಿನ ಹೆಸರೂ ಇದೇ ಲೆಕ್ಕ, ಅದಕ್ಕೆ 6 ಸಿಲಿಂಡರ್. ಚಿಕ್ಕಪ್ಪನ ಗಾಡಿಯಲ್ಲಿ ಟರ್ಬೋ ಇಲ್ಲ, ಗಾಳಿಯನ್ನು ಇಂಜಿನ್ ತಾನೇ ಎಳೆದುಕೊಳ್ಳಬೇಕು. ಅದಕ್ಕೇ ನಾನು ಗಾಳಿಯಿಂದ ಶುರು ಮಾಡುವುದು.

[ದೃಶ್ಯ: ಏರ್ ಕ್ಲೀನರ್‌ನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು ಕಳಚುವುದು]

ಇದು ಏರ್ ಕ್ಲೀನರ್ ದಾಟಿದ ಮೇಲಿನ ಪೈಪು. ಇದರ ಒಳಗೆ ಧೂಳು ಇರಲೇಬಾರದು. ಒಂದು ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಳಗೆ ಒರೆಸಿ. ನೋಡಿ, ಬಟ್ಟೆ ಕೆಂಪಾಯಿತು. ಚಿರೆಕಲ್ಲಿನ ಧೂಳು. ಫಿಲ್ಟರ್ ಹೊಸದೇ ಇದೆ, ಆದರೆ ಪೈಪನ್ನು ಬಗ್ಗಿಸಿದರೆ ಕ್ಲಿಪ್ಪಿನ ಬುಡದಲ್ಲಿ ಉಗುರಿನಷ್ಟು ಉದ್ದದ ಸೀಳು ಕಾಣುತ್ತದೆ. ಈ ಧೂಳು ಆಯಿಲ್ ಜೊತೆ ಸೇರಿದರೆ ರಿಂಗು, ಸಿಲಿಂಡರ್ ಎರಡನ್ನೂ ಉಜ್ಜಿ ತೆಗೆಯುತ್ತದೆ. ಈ ಪೈಪ್ ಬದಲಾಯಿಸದೆ ಹೊಸ ಪಿಸ್ಟನ್ ಹಾಕಿದರೆ ಅದಕ್ಕೂ ಇದೇ ಗತಿ.

ಮುಂದೆ ಹೊಗೆ. ಕಪ್ಪು ಹೊಗೆ ಬಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಜಾಸ್ತಿ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವಾದರೆ ನೀರು ಒಳಗೆ ಹೋಗುತ್ತಿದೆ. ಮಳೆಗಾಲದ ಬೆಳಿಗ್ಗೆ ಸೈಲೆನ್ಸರಿನಿಂದ ಬರುವ ಆವಿಯನ್ನು ಇದರಲ್ಲಿ ಸೇರಿಸಬೇಡಿ.

ಆಮೇಲೆ ಎಲ್ಲರಿಗೂ ಗೊತ್ತಿರುವ ಬ್ಯಾಕ್ ಕಂಪ್ರೆಷನ್. ಇಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬುಸ್ ಬುಸ್ ಅಂತ ಹೊಗೆ ಬರುವುದು. ಸ್ವಲ್ಪ ಬಂದರೆ ಸಹಜ. ಇಷ್ಟನ್ನೇ ನೋಡಿ 'ಫುಲ್ ಇಂಜಿನ್' ಅಂತ ತೀರ್ಪು ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಕಣ್ಣಳತೆ ಸಾಕಾಗುವುದಿಲ್ಲ, ಸಿಲಿಂಡರಿನ ಒತ್ತಡ ಅಳೆಯುವ ಗೇಜ್ ಹಾಕಿ. ಪೆಟ್ರೋಲ್ ಗಾಡಿಯ ಗೇಜ್ ನಡೆಯುವುದಿಲ್ಲ, ಡೀಸೆಲ್ಲಿನ ಒತ್ತಡಕ್ಕೆ ಅದು ಹಾಳಾಗುತ್ತದೆ. ಡೀಸೆಲ್ ಚಿಮ್ಮಿಸುವ ನಾಝಲ್‌ಗಳನ್ನು ತೆಗೆದು, ಡೀಸೆಲ್ ಬಂದ್ ಮಾಡಿ, ಬ್ಯಾಟರಿ ಫುಲ್ ಚಾರ್ಜ್ ಇಟ್ಟುಕೊಂಡು ಒಂದೊಂದೇ ಸಿಲಿಂಡರ್ ನೋಡಿ. ನಾಲ್ಕರ ನಡುವೆ ಎಷ್ಟು ವ್ಯತ್ಯಾಸ ಅನ್ನೋದೇ ಮುಖ್ಯ. ಶೇಕಡಾ 10ಕ್ಕಿಂತ ಹೆಚ್ಚಾದರೆ ಅನುಮಾನಪಡಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ರಿಂಗ್ ಹೋಗಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಪ್ಯಾಕಿಂಗ್. ಒಂದೇ ಚಮಚ, ಜಾಸ್ತಿ ಸುರಿಯಬೇಡಿ. ಆಯಿಲ್ ಗಾಳಿಯ ಹಾಗೆ ಒತ್ತಿಕೊಳ್ಳುವುದಿಲ್ಲ. ಜಾಸ್ತಿಯಾದರೆ ಕನೆಕ್ಟಿಂಗ್ ರಾಡೇ ಬಗ್ಗುತ್ತದೆ.

ಚಿಕ್ಕಪ್ಪ: ನಮ್ದು ಏನಾತು ಕಡಿಗೆ?

ನಾಲ್ಕರಲ್ಲಿ ಮೂರು ಸಿಲಿಂಡರ್ ಸರಿ ಇವೆ, ಮೂರನೇ ನಂಬರಿನದರಲ್ಲಿ ಮಾತ್ರ ಒತ್ತಡ ಕಡಿಮೆ ಇದೆ. ಆಯಿಲ್ ಬಿಟ್ಟಾಗ ಏರಿತು. ಆಯಿಲ್ ಪ್ರೆಷರ್ ಚೆನ್ನಾಗಿದೆ, ಕೆಳಗೆ ಬೇರಿಂಗ್ ಸದ್ದೂ ಇಲ್ಲ. ಅಂದರೆ ಹಾಫ್ ಇಂಜಿನ್ ಕೆಲಸಕ್ಕೆ ಸಿದ್ಧ ಆಗೋಣ, ಕೆಳಗಿನ ಕ್ರ್ಯಾಂಕ್ ಮುಟ್ಟದೆ ಪಿಸ್ಟನ್, ರಿಂಗ್, ಹೆಡ್ ಮಾತ್ರ. ಪಿಸ್ಟನ್‌ಗಳು ತಿರುಗಿಸುವ ಆ ಕ್ರ್ಯಾಂಕ್ ಮುಟ್ಟಬೇಕಾ ಅನ್ನೋದನ್ನು ಚೇಂಬರ್, ಅಂದರೆ ತಳದ ಆಯಿಲ್ ತೊಟ್ಟಿ, ಇಳಿಸಿ ಒಂದೆರಡು ಬೇರಿಂಗ್ ನೋಡಿದ ಮೇಲೆ ಹೇಳುತ್ತೇನೆ.

[ದೃಶ್ಯ: ನೆಲದ ಮೇಲೆ ಸಾಲಾಗಿ ಅಡಿಕೆ ಹಾಳೆಗಳು, ಅವುಗಳಲ್ಲಿ ಬೋಲ್ಟುಗಳು]

ಬಿಚ್ಚುವಾಗ ನಮ್ಮೂರಿನಷ್ಟು ಅನುಕೂಲ ಬೇರೆಲ್ಲೂ ಇಲ್ಲ ನೋಡಿ. ಅಡಿಕೆ ಹಾಳೆ! ಒಂದೊಂದು ಭಾಗದ ಬೋಲ್ಟಿಗೆ ಒಂದೊಂದು ಹಾಳೆ, ಮೇಲೆ ಮಾರ್ಕರ್‌ನಲ್ಲಿ ಹೆಸರು. ಪುಶ್ ರಾಡ್‌ಗಳಿಗೆ ರಟ್ಟಿನ ಡಬ್ಬಿಯಲ್ಲಿ ಎಂಟು ತೂತು, ಇದ್ದ ಸಾಲಿನಲ್ಲೇ ಚುಚ್ಚಿಡಿ. ಬೇರಿಂಗ್ ಕ್ಯಾಪ್ ಬಿಚ್ಚುವ ಮೊದಲು ಕ್ಯಾಪಿಗೂ ರಾಡಿಗೂ ಒಂದೇ ಬದಿಯಲ್ಲಿ ಸೆಂಟರ್ ಪಂಚ್‌ನಿಂದ ಚುಕ್ಕಿ ಹಾಕಿ. ಒಂದನೆಯದಕ್ಕೆ ಒಂದು ಚುಕ್ಕಿ, ಎರಡನೆಯದಕ್ಕೆ ಎರಡು. ಒಂದರ ಕ್ಯಾಪ್ ಇನ್ನೊಂದಕ್ಕೆ ಹೋಗಲೇಬಾರದು.

ಇಂಜಿನ್ನನ್ನೇ ಕೆಳಗಿಳಿಸಬೇಕಾದರೆ ಚೈನ್ ಬ್ಲಾಕನ್ನು ಮನೆ ಜಂತಿಗೆ ಕಟ್ಟಬೇಡಿ. ಜಂತಿ ಮಾಡಿದ್ದು ಹೆಂಚು ಹೊರುವುದಕ್ಕೆ. ಕಬ್ಬಿಣದ ಪೈಪಿನ ಸ್ಟ್ಯಾಂಡ್ ಬಾಡಿಗೆಗೆ ತನ್ನಿ. ತೂಗುತ್ತಿರುವ ಇಂಜಿನ್ ಕೆಳಗೆ ಕೈಕಾಲು ಹಾಕುವ ಪ್ರಶ್ನೆಯೇ ಇಲ್ಲ.

ಇನ್ನು ಲೇತಿನ ಕೆಲಸ. ಅದು ಮನೆಯಲ್ಲಿ ಆಗುವುದಿಲ್ಲ. ಬೋರ್ ಮಾಡಿಸುವುದು, ಹೆಡ್ ಫೇಸಿಂಗ್, ವಾಲ್ವ್ ಸೀಟ್, ಕ್ರ್ಯಾಂಕ್ ಗ್ರೈಂಡಿಂಗ್, ಇದೆಲ್ಲ ಹುಬ್ಬಳ್ಳಿಗೋ ನಿಮಗೆ ನಂಬಿಕೆ ಇರುವ ಹತ್ತಿರದ ವರ್ಕ್‌ಶಾಪಿಗೋ ಹೋಗಲಿ. ಹೆಡ್ ನೆಟ್ಟಗಿದೆಯಾ ಅಂತ ನೀವೇ ನೋಡಬಹುದು. ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಕೆಳಗೆ 0.05 ಮಿಲಿಮೀಟರ್ ಫೀಲರ್, ಅಂದರೆ ಸಂದು ಅಳೆಯುವ ತೆಳು ತಗಡು, ತೂರಿಸಿ. ಹೋದರೆ ಫೇಸಿಂಗಿಗೆ ಕಳಿಸಿ. ಕ್ರ್ಯಾಂಕನ್ನು ಹತ್ತು, ಇಪ್ಪತ್ತು, ಮೂವತ್ತು ಅಂತ ಸವೆಸುತ್ತಾರೆ. ಹತ್ತು ಅಂದರೆ 0.25 ಮಿಲಿಮೀಟರ್. ಕ್ರ್ಯಾಂಕ್ ಎಷ್ಟಕ್ಕೆ ಹೋಗಿದೆ ಅಂತ ಬರೆಸಿಕೊಂಡು ಬಂದು, ಆಮೇಲೆ ಬೇರಿಂಗ್ ಖರೀದಿ ಮಾಡಿ.

ಬೋರ್ ಆಗಿ ಬಂದ ಬ್ಲಾಕ್ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಕಷ್ಟ ಇದೆ. ಮಳೆಗಾಲದಲ್ಲಿ, ಅದರಲ್ಲೂ ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿಗೆ, ಹೊಳೆಯುವ ಕಬ್ಬಿಣ ಒಂದೇ ರಾತ್ರಿಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಗಂತ ತೊಳೆಯದೆ ಬಿಡುವ ಹಾಗಿಲ್ಲ. ಬೋರಿನ ಗೀರುಗಳಲ್ಲಿ ಉಜ್ಜುಗಲ್ಲಿನ ಪುಡಿ ಕೂತಿರುತ್ತದೆ. ಸೀಮೆಎಣ್ಣೆಗೆ ಅದು ಬಿಡುವುದಿಲ್ಲ. ಬಿಸಿ ನೀರು, ಸೋಪು, ಬ್ರಶ್ ಹಾಕಿ ತಿಕ್ಕಿ. ಕೂಡಲೇ ಒಣಗಿಸಿ ಆಯಿಲ್ ಸವರಿ. ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬೂದು ಬಣ್ಣ ಆಗುವಷ್ಟು ಸಲವೂ ಮತ್ತೆ ಆಯಿಲ್, ಮತ್ತೆ ಬಟ್ಟೆ. ಕೊನೆಗೆ ಪ್ಲಾಸ್ಟಿಕ್ ಸುತ್ತಿಡಿ.

[ದೃಶ್ಯ: ಸಿಲಿಂಡರ್ ಒಳಗೆ ಒಂದೇ ರಿಂಗ್, ಅದರ ಬಾಯಿಯಲ್ಲಿ ಫೀಲರ್ ಗೇಜ್]

ಇಲ್ಲಿ ಕ್ಯಾಮೆರಾ ಹತ್ತಿರ ತಗೊಂಡು ಬಾ. ಹೊಸ ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಹೀಗೆ ಬರಿಯ ರಿಂಗನ್ನೇ ಸಿಲಿಂಡರಿಗೆ ಇಳಿಸಬೇಕು. ಪಿಸ್ಟನ್ ತಲೆಕೆಳಗೆ ಮಾಡಿ ಮೆಲ್ಲಗೆ ತಳ್ಳಿದರೆ ರಿಂಗ್ ನೇರವಾಗಿ ಕೂರುತ್ತದೆ. ಈಗ ರಿಂಗಿನ ಎರಡು ತುದಿಗಳ ನಡುವಿನ ಸಂದನ್ನು ಫೀಲರಿನಿಂದ ಅಳೆಯಿರಿ. 97 ಮಿಲಿಮೀಟರ್ ಬೋರಿಗೆ ಇದು ಸಾಮಾನ್ಯವಾಗಿ 0.3ರಿಂದ 0.45 ಮಿಲಿಮೀಟರ್ ಆಸುಪಾಸು ಇರುತ್ತದೆ, ಆದರೂ ನಿಮ್ಮ ಇಂಜಿನ್ ಮ್ಯಾನುಯಲ್‌ನಲ್ಲಿ ಇದ್ದದ್ದೇ ಅಂತಿಮ. ಸಂದು ತೀರಾ ಕಡಿಮೆ ಇದ್ದರೆ ಘಾಟಿಯ ಬಿಸಿಗೆ ರಿಂಗ್ ಹಿಗ್ಗಿ ತುದಿಗೆ ತುದಿ ತಾಗುತ್ತದೆ. ಆಮೇಲೆ ರಿಂಗ್ ಮುರಿಯುತ್ತದೆ, ಸಿಲಿಂಡರ್ ಗೀಚುತ್ತದೆ. ಪಿಸ್ಟನ್ನಿಗೆ ಹಾಕುವಾಗ ಮೂರು ರಿಂಗಿನ ಬಾಯಿ ಒಂದೇ ಸಾಲಿಗೆ ಬರದಂತೆ ಸುತ್ತಲೂ ಹಂಚಿ.

ಹೆಡ್ ಬೋಲ್ಟುಗಳನ್ನು ನಡುವಿನಿಂದ ಶುರು ಮಾಡಿ ಹೊರಗಡೆಗೆ, ಎರಡು ಮೂರು ಹಂತದಲ್ಲಿ, ಟಾರ್ಕ್ ರೆಂಚ್ ಹಿಡಿದೇ ಬಿಗಿ ಮಾಡಿ. ಕೈ ಅಂದಾಜು ಬೇಡ.

ನಾಝಲ್ ಮತ್ತು ಡೀಸೆಲ್ ಪಂಪಿನ ಒಳಭಾಗ ಮಾತ್ರ ನೀವೇ ಬಿಚ್ಚಬೇಡಿ. ಬೆಂಗಳೂರಿನ ಮೈಕೋ ಕಂಪನಿ ಬಾಷ್ ಅಂತ ಹೆಸರು ಬದಲಾಯಿಸಿ ವರ್ಷಗಳಾದವು, ನಮ್ಮ ಡ್ರೈವರ್‌ಗಳ ಬಾಯಲ್ಲಿ ಇನ್ನೂ ಅದು ಮೈಕೋ ಪಂಪೇ. ಪೂರ್ತಿ ಪಂಪು, ನಾಝಲ್ ಸೆಟ್ ಕ್ಯಾಲಿಬ್ರೇಷನ್ ಮಾಡುವವರಿಗೆ ಕೊಡಿ. ನಾಝಲ್ ಸ್ಪ್ರೇ ನೋಡುತ್ತೇನೆ ಅಂತ ಕೈ ಅಡ್ಡ ಹಿಡಿದರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಾಣುತ್ತದೆ, ಆದರೆ ಬೆರಳೇ ಹೋಗಬಹುದು. ವಾಪಸ್ ಹಾಕುವಾಗ ನಾಝಲ್ ಕೆಳಗಿನ ತಾಮ್ರದ ವಾಷರ್ ಹೊಸದೇ ಇರಲಿ.

[ದೃಶ್ಯ: ರೇಡಿಯೇಟರ್ ಬಿಚ್ಚಿ ಅಂಗಳಕ್ಕೆ ತಂದಿದ್ದಾರೆ]

ಈಗ ಟರ್ಬೋ ವಿಷಯ. ಟರ್ಬೋ ಇಲ್ಲದ ಇಂಜಿನ್ನಿಗೆ ಹೊರಗಿನಿಂದ ಟರ್ಬೋ ಕಟ್ಟಿದರೆ ಒಳಗೆ ಬಿಸಿ, ಒತ್ತಡ ಎರಡೂ ಏರುತ್ತವೆ. ಕಂಪನಿ ಟರ್ಬೋ ಇಂಜಿನ್ ಮಾಡುವಾಗ ಪಿಸ್ಟನ್, ಆಯಿಲ್ ದಾರಿ, ಕೂಲಿಂಗ್ ಎಲ್ಲವನ್ನೂ ಅದಕ್ಕೆ ತಕ್ಕ ಹಾಗೆ ಮಾಡಿರುತ್ತದೆ. ನಿಮ್ಮ ಗಾಡಿಯ ಗೇರ್‌ಬಾಕ್ಸ್, ಕ್ಲಚ್ ಹಳೆಯವೇ ಅಲ್ವಾ? ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಏರಿಸುವುದೂ ಹೀಗೇ. ಪಿಕಪ್ ಬಂತು ಅನಿಸುತ್ತದೆ, ಹಿಂದೆ ಕಪ್ಪು ಹೊಗೆ, ಒಳಗೆ ಪಿಸ್ಟನ್ ಅತಿಯಾಗಿ ಬಿಸಿಯಾಗುತ್ತದೆ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ಸ್ವರೂಪಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಇಂಜಿನ್ನೇ ಬದಲಾಯಿಸುವುದಾದರೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್ ಬರಬೇಕು. ಅನುಮತಿ ಇಲ್ಲದೆ ಮಾಡಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. 8 ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಬೇರೆ. ಶಿರಸಿಯ ಕೆಎ-31 ಆಗಲಿ ಕಾರವಾರದ ಕೆಎ-30 ಆಗಲಿ, ಆರ್‌ಟಿಒಗೆ ಹೋಗಿ ನಿಲ್ಲಲೇಬೇಕು.

ಅದೇ ದುಡ್ಡನ್ನು ಇಲ್ಲಿ ಹಾಕಿ. ಚಿಕ್ಕಪ್ಪ ಇಷ್ಟು ವರ್ಷ ರೇಡಿಯೇಟರಿಗೆ ಹಾಕಿದ್ದು ಎಲ್ಲಿ ಸಿಕ್ಕಿತೋ ಅಲ್ಲಿಯ ನೀರು. ಕರಾವಳಿಯ ಕೆಲವು ಬಾವಿಗಳಲ್ಲಿ ಉಪ್ಪಿನ ಅಂಶ ಇರುತ್ತದೆ. ಟ್ಯೂಬುಗಳ ಬಾಯಿ ನೋಡಿ, ತುಕ್ಕು ಮತ್ತು ಗಸಿ ಕಟ್ಟಿ ಅರ್ಧಕ್ಕರ್ಧ ಮುಚ್ಚಿವೆ. ಹೊಸ ಕೋರ್ ಹಾಕಿಸಿ, ಕೂಲಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿ ತುಂಬಿ. ಕ್ಯಾಪ್ ಕೂಡ ಬದಲಾಯಿಸಿ. ಕ್ಯಾಪ್ ಕೆಲಸ ಮಾಡುವುದು ಕುಕ್ಕರ್ ವೇಟಿನ ಹಾಗೆ. 0.9 ಬಾರ್ ಕ್ಯಾಪ್ ಸರಿ ಇದ್ದರೆ ಬರಿ ನೀರೂ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ.

ಚಿಕ್ಕಪ್ಪ: ಥರ್ಮೋಸ್ಟಾಟ್ ತೆಗ್ದು ಒಗದಿದ್ವಲ್ಲ, ತಂಪಾಗ್ತದೆ ಅಂತ.

ಊರೆಲ್ಲ ಅದನ್ನೇ ಮಾಡುತ್ತದೆ, ನನಗೆ ಒಪ್ಪಿಗೆ ಇಲ್ಲ. ಇಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಬಾಗಿಲು ಈ ಥರ್ಮೋಸ್ಟಾಟ್. ಅದು ಇಲ್ಲದಿದ್ದರೆ ಇಂಜಿನ್ ಬೇಕಾದಷ್ಟು ಬಿಸಿಯಾಗಲು ತುಂಬಾ ಹೊತ್ತು ಹಿಡಿಯುತ್ತದೆ. ತಣ್ಣಗಿರುವ ಇಂಜಿನ್ ಬೇಗ ಸವೆಯುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ಬೈಪಾಸ್ ದಾರಿ ತೆರೆದೇ ಉಳಿದು ಬಿಸಿ ನೀರಿನ ಒಂದು ಭಾಗ ರೇಡಿಯೇಟರಿಗೆ ಹೋಗದೆ ವಾಪಸ್ ಬರುತ್ತದೆ. ಘಾಟಿಯಲ್ಲಿ ಇಂಜಿನ್ ಅತಿಯಾಗಿ ಬಿಸಿಯಾಗುವುದು ಆಗಲೇ. ಹೊಸದು ತಂದು ಹಾಕಿ.

[ದೃಶ್ಯ: ಇಂಜಿನ್ ಜೋಡಿಸಿ ಆಗಿದೆ. ಒಬ್ಬ ಹುಡುಗ ಪ್ಲೈವುಡ್ ತುಂಡು ಹಿಡಿದು ನಿಂತಿದ್ದಾನೆ]

ಮೊದಲ ಸ್ಟಾರ್ಟ್. ಡೀಸೆಲ್ ಬಂದ್ ಇಟ್ಟು, ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಬರುವವರೆಗೆ ತಿರುಗಿಸಿ. ಆಮೇಲೆ ಲೈನಿನ ಏರ್ ತೆಗೆಯಿರಿ. ಈ ಪ್ಲೈವುಡ್ ಯಾಕೆ ಅಂದರೆ, ಡೀಸೆಲ್ ಇಂಜಿನ್ ಒಮ್ಮೊಮ್ಮೆ ಆಯಿಲನ್ನೇ ಎಳೆದುಕೊಂಡು ಹುಚ್ಚು ಹಿಡಿದ ಹಾಗೆ ಓಡುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಆಗ ಗಾಳಿಯ ಬಾಯಿಗೆ ಇದನ್ನು ಒತ್ತಿ ಹಿಡಿಯಬೇಕು. ಕೈ ಇಡಬೇಡಿ, ಬಟ್ಟೆಯನ್ನಂತೂ ಒಳಗೆ ಎಳೆದುಕೊಂಡು ಬಿಡುತ್ತದೆ.

[ಇಂಜಿನ್ ಸದ್ದು]

ಹೊಸ ರಿಂಗ್ ಹಾಕಿದ ಗಾಡಿಯನ್ನು ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ನಿಲ್ಲಿಸಬೇಡಿ. ರಿಂಗ್ ಕೂರಬೇಕಾದರೆ ಹದವಾದ ಲೋಡ್ ಬೇಕು.

ಚಿಕ್ಕಪ್ಪ: ಹಂಗಾದ್ರೆ ನಾಳೆ ಕುಮಟೆಗೆ ಲೋಡ್ ಹಾಕ್ಲಕ್ಕಾ?

ಅರ್ಧ ಲೋಡ್ ಹಾಕಿ. ಸಾವಿರ ಕಿಲೋಮೀಟರ್ ಆಗುವವರೆಗೆ ಅಷ್ಟೇ. ಘಾಟಿಯಲ್ಲಿ ಇಂಜಿನ್ ತಡವರಿಸುವ ತನಕ ಕಾಯದೆ ಗೇರ್ ಬೇಗ ಇಳಿಸಿ. ಆಮೇಲೆ ಆಯಿಲ್ ಬದಲಾಯಿಸಿ, ಟ್ಯಾಪೆಟ್, ಅಂದರೆ ವಾಲ್ವಿನ ಸಂದು, ಮತ್ತೆ ನೋಡಿ. ತೆಗೆದ ಆಯಿಲ್ ಫಿಲ್ಟರನ್ನು ಎಸೆಯಬೇಡಿ, ತಗಡು ಕತ್ತರಿಸಿ ಒಳಗಿನ ಕಾಗದವನ್ನು ಬಿಡಿಸಿ. ಸಣ್ಣ ಹೊಳಪು ಮೊದಲ ಸಲ ಇದ್ದೇ ಇರುತ್ತದೆ. ಅಯಸ್ಕಾಂತಕ್ಕೆ ಹಿಡಿಯುವ ಚೂರು ಕಂಡರೆ ರಿಂಗು, ಸಿಲಿಂಡರ್ ಕಡೆ ನೋಡಿ. ತಾಮ್ರದ ಬಣ್ಣದ ಚೂರು ಕಂಡರೆ ಅದು ಬೇರಿಂಗು, ಗಾಡಿ ಅಲ್ಲೇ ನಿಲ್ಲಿಸಿ ಚೇಂಬರ್ ಇಳಿಸಿ.