ಒಕ್ಕಲು ಹೋದ ಮನೆಗಳಲ್ಲಿ ಒಂದು ವಾರ

ಕೇಳುಗರಿಗೆ ನಮಸ್ಕಾರ.

ಇಟಲಿಯ ತಸ್ಕನಿ ಪ್ರಾಂತ್ಯದಲ್ಲಿ, ಸಿಯೆನಾ ಊರಿನ ದಕ್ಷಿಣಕ್ಕೆ, ವಾಲ್ ದೋರ್ಚಾ ಎಂಬ ಕಣಿವೆಯಿದೆ. ಅಲ್ಲಿಗೆ ಹೋಗದವರೂ ಅದರ ಚಿತ್ರವನ್ನು ನೋಡಿರುತ್ತಾರೆ. ಬೋಳು ಗುಡ್ಡದ ಮೈಮೇಲೆ ಅಂಕುಡೊಂಕಾಗಿ ಏರುವ ಬಿಳಿ ಮಣ್ಣಿನ ದಾರಿ, ಅದರ ಅಂಚಿಗೆ ಸಾಲಾಗಿ ನಿಂತ ಸೈಪ್ರೆಸ್ ಮರಗಳು. ಕ್ಯಾಲೆಂಡರುಗಳಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ ಎಲ್ಲೆಂದರಲ್ಲಿ ಬರುವ ಚಿತ್ರ ಅದು. ನೋಡಿದರೆ ಐನೂರು ವರ್ಷ ಹಳೆಯ ದಾರಿ ಅನಿಸುತ್ತದೆ. ಅದಕ್ಕಿನ್ನೂ ನೂರು ವರ್ಷವೂ ಸರಿಯಾಗಿ ತುಂಬಿಲ್ಲ. ಹಳೆಯ ಸಿಯೆನಾ ವರ್ಣಚಿತ್ರಗಳ ಹಿನ್ನೆಲೆಯಲ್ಲಿ ಕಾಣುವಂಥ ದಾರಿಯನ್ನೇ ಅಲ್ಲಿಯ ಒಬ್ಬ ಜಮೀನುದಾರ ಗುಡ್ಡದ ಮೇಲೆ ಮಾಡಿಸಿದ. ಆತನ ಹೆಸರು ಅಂತೋನಿಯೊ ಒರಿಗೊ. ಅವನ ಎಸ್ಟೇಟಿನ ಹೆಸರು ಲಾ ಫೋಚೆ. ಆ ಎಸ್ಟೇಟಿನ ಮನೆಗಳು ಈಗ ರಜೆಗೆ ಬಾಡಿಗೆಗೆ ಸಿಗುತ್ತವೆ. ಇಂದು ಅವುಗಳ ವಿಚಾರ.

ಲಾ ಫೋಚೆಯ ದೊಡ್ಡ ಮನೆ ಹುಟ್ಟಿದ್ದೇ ಪರಊರಿನವರಿಗಾಗಿ. ಹದಿನೈದನೇ ಶತಮಾನದ ಕೊನೆಯಲ್ಲಿ ಸಿಯೆನಾದ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ ಎಂಬ ಆಸ್ಪತ್ರೆಯವರು ಇದನ್ನು ಕಟ್ಟಿಸಿದರು. ಉತ್ತರದಿಂದ ರೋಮಿಗೆ ನಡೆದು ಹೋಗುವ ಯಾತ್ರಿಕರು, ವ್ಯಾಪಾರಿಗಳು ರಾತ್ರಿ ತಂಗುವ ಛತ್ರವಾಗಿತ್ತು ಅದು. 1924ರಲ್ಲಿ ಅಂತೋನಿಯೊ ಮತ್ತು ಐರಿಸ್ ಒರಿಗೊ ದಂಪತಿಗಳು ಕೊಂಡಾಗ ಮನೆಯೇನೋ ಇತ್ತು, ಅದರ ಸುತ್ತಲಿನ ನೆಲದಲ್ಲಿ ಮಾತ್ರ ಜೀವ ಇರಲಿಲ್ಲ. ಮಳೆ ಕೊರೆದು ಬೂದಿಬಣ್ಣಕ್ಕೆ ತಿರುಗಿದ ಜೇಡಿಮಣ್ಣಿನ ದಿಬ್ಬಗಳು, ಕಾಡು ಕಡಿದ ಗುಡ್ಡಗಳು. ನೀರು ಅಪರೂಪ, ವಿದ್ಯುತ್ತು ಇಲ್ಲ. ಐರಿಸ್ ಇಂಗ್ಲಿಷು ಬರೆಯುತ್ತಿದ್ದ ಲೇಖಕಿ. ತಂದೆ ಅಮೆರಿಕದವರು, ತಾಯಿ ಆಂಗ್ಲೋ-ಐರಿಷ್, ಬೆಳೆದದ್ದು ಫ್ಲಾರೆನ್ಸಿನ ಪಕ್ಕದ ಫಿಯೆಸೊಲೆಯಲ್ಲಿ, ಮೆದಿಚಿ ಮನೆತನದ ಹಳೆಯ ವಿಲ್ಲಾದಲ್ಲಿ. ಅಂಥ ಹುಡುಗಿ ಮದುವೆಯಾದ ವರ್ಷವೇ ಬಂದು ನಿಂತದ್ದು ಈ ಬರಡಿನಲ್ಲಿ.

ತೋಟದ ಕಥೆ ಹೇಳುವ ಮೊದಲು ನೀರಿನ ಕಥೆ ಹೇಳಬೇಕು. ಐರಿಸಳ ಅಮೆರಿಕದ ಅಜ್ಜಿ ಕೊಟ್ಟ ಉಡುಗೊರೆಯಿಂದ ದೂರದ ಚಿಲುಮೆಯೊಂದರಿಂದ ಮನೆಗೆ ಕೊಳವೆ ಹಾಕಿ ನೀರು ತಂದರು. ಹೂವು, ಬೇಲಿ, ಕೊಳ ಎಲ್ಲ ಆಮೇಲೆ. ಇಂಗ್ಲೆಂಡಿನ ವಾಸ್ತುಶಿಲ್ಪಿ ಸೆಸಿಲ್ ಪಿನ್ಸೆಂಟ್ 1939ರವರೆಗೆ ಹಂತಹಂತವಾಗಿ ಆ ತೋಟವನ್ನು ರೂಪಿಸಿದ. ಒಂದೇ ಸಲ ನಕ್ಷೆ ಬರೆದು ಮುಗಿಸಿದ್ದಲ್ಲ. ನೀರು ಸಿಕ್ಕಷ್ಟು, ಕೈಯಲ್ಲಿ ಹಣ ಇದ್ದಷ್ಟು ಬೆಳೆದ ತೋಟ. ಮನೆಯ ಪಕ್ಕದಲ್ಲಿ ಒಂದು ಕಾರಂಜಿ ಮತ್ತು ಬಾಕ್ಸ್‌ವುಡ್ ಬೇಲಿಯ ಚೌಕಗಳು. ಮುಂದೆ ದೊಡ್ಡ ಮಣ್ಣಿನ ಕುಂಡಗಳಲ್ಲಿ ನಿಂಬೆ ಗಿಡಗಳ ಅಂಗಳ. ಅಲ್ಲಿಂದ ಗುಡ್ಡದ ಬದಿಗೆ ಹಬ್ಬಿದ ವಿಸ್ಟೀರಿಯಾ ಬಳ್ಳಿಯ ಚಪ್ಪರ. ನೇರಳೆ ಗೊಂಚಲು ಜೋತುಬಿದ್ದ ಕಾಲದಲ್ಲಿ ಅದರ ಕೆಳಗೆ ನಡೆಯುವ ಸುಖವೇ ಬೇರೆ. ಇನ್ನೂ ಕೆಳಗಿಳಿದರೆ ಕೊನೆಯ ಅಂಗಳ: ಸೈಪ್ರೆಸ್ ಮರಗಳು, ಒಪ್ಪವಾಗಿ ಕತ್ತರಿಸಿದ ಬೇಲಿ, ಟ್ರಾವರ್ಟೀನ್ ಕಲ್ಲಿನ ಕೊಳ. ತಲೆಯೆತ್ತಿದರೆ ಕಣಿವೆಯಾಚೆ ಅಮಿಯಾತಾ ಪರ್ವತ. ಇಷ್ಟು ಅಚ್ಚುಕಟ್ಟಾದ ತೋಟದ ಗೋಡೆಯಾಚೆಗೇ ಅಷ್ಟು ಒರಟಾದ ನೆಲ ಕಾಣುವಂತೆ ಇಟ್ಟದ್ದರಲ್ಲೇ ಪಿನ್ಸೆಂಟನ ಜಾಣತನವಿದೆ ಎಂದು ನನಗನಿಸುತ್ತದೆ. ಇಟಲಿಯ ಎಷ್ಟೋ ಹೆಸರಾಂತ ತೋಟಗಳು ಹೊರಗಿನ ಬಡತನವನ್ನು ಮರೆಮಾಡುತ್ತವೆ.

ಆ ಬಡತನದ ವಿಷಯಕ್ಕೇ ಬರೋಣ, ಏಕೆಂದರೆ ಬಾಡಿಗೆ ಮನೆಗಳ ಮೂಲ ಅಲ್ಲಿದೆ. ಲಾ ಫೋಚೆ ಬೆಳೆದು ನಿಂತ ಕಾಲದಲ್ಲಿ ಸುಮಾರು 7,000 ಎಕರೆ ಇತ್ತು. ಅದರೊಳಗೆ ಐವತ್ತಕ್ಕೂ ಹೆಚ್ಚು ಒಕ್ಕಲು ಮನೆಗಳು ಅಲ್ಲೊಂದು ಇಲ್ಲೊಂದು ಗುಡ್ಡದ ನೆತ್ತಿಗೆ ಹರಡಿದ್ದವು. ಪದ್ಧತಿಯ ಹೆಸರು ಮೆಜ್ಜದ್ರಿಯಾ. ನಮ್ಮ ಹಿರಿಯರು ಕೋರು ಅನ್ನುತ್ತಿದ್ದರಲ್ಲ, ಹೆಚ್ಚೂಕಡಿಮೆ ಅದೇ. ನೆಲ, ಮನೆ ಒಡೆಯನದು. ದುಡಿಮೆ ಒಕ್ಕಲಿನ ಇಡೀ ಕುಟುಂಬದ್ದು. ಬೆಳೆ ಅರ್ಧರ್ಧ. ಒಕ್ಕಲು ಮನೆಯಲ್ಲಿ ಕೆಳಗಡೆ ಎತ್ತುಗಳ ಕೊಟ್ಟಿಗೆ, ಹೊರಗಿನಿಂದ ಕಲ್ಲುಮೆಟ್ಟಿಲು ಹತ್ತಿದರೆ ಮೇಲೆ ದೊಡ್ಡ ಅಡುಗೆಮನೆ, ಅದರ ಸುತ್ತ ಮಲಗುವ ಕೋಣೆಗಳು. ಚಳಿಗಾಲದಲ್ಲಿ ಕೆಳಗಿನ ದನಗಳ ಮೈಶಾಖವೇ ಮೇಲಿನವರಿಗೂ ಆಸರೆ. ಒಂದೊಂದು ಮನೆಯಲ್ಲಿ ಅಣ್ಣತಮ್ಮಂದಿರ ಸಂಸಾರಗಳೆಲ್ಲ ಒಟ್ಟಿಗೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಎಸ್ಟೇಟು ಮತ್ತೆ ಛತ್ರವಾಯಿತು. ಬಾಂಬು ಬೀಳುತ್ತಿದ್ದ ಜೆನೋವಾ, ತೊರೀನೊ ಊರುಗಳ ಮಕ್ಕಳನ್ನು ಒರಿಗೊ ದಂಪತಿಗಳು ಕರೆತಂದು ಇಟ್ಟುಕೊಂಡರು. ಸೆರೆಯಿಂದ ತಪ್ಪಿಸಿಕೊಂಡ ಮಿತ್ರಪಡೆಯ ಸೈನಿಕರಿಗೆ ಕಾಡಿನಲ್ಲಿ, ಒಕ್ಕಲು ಮನೆಗಳಲ್ಲಿ ಅನ್ನ ಸಿಕ್ಕಿತು. ಸಿಕ್ಕಿಬಿದ್ದಿದ್ದರೆ ಕೊಟ್ಟವರ ತಲೆ ಹೋಗುತ್ತಿತ್ತು. 1944ರ ಜೂನಿನಲ್ಲಿ ರಣರಂಗ ಮನೆಯಂಗಳಕ್ಕೇ ಬಂದಾಗ, ಹಸುಗೂಸುಗಳೂ ಸೇರಿ ಸುಮಾರು 60 ಜನ ಸಿಡಿಗುಂಡು ಹುಗಿದಿದ್ದ ದಾರಿಯಲ್ಲಿ ಮೊಂತೆಪುಲ್ಚಾನೊ ಊರಿಗೆ ನಡೆದು ಹೋದರು. ಐರಿಸ್ ಇದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಅಲ್ಲಿ ವಾರ ಕಳೆಯಲು ಹೋಗುವವರು ಅದನ್ನು ಓದಿಕೊಂಡೇ ಹೋಗಬೇಕು ಎನ್ನುವುದು ನನ್ನ ಹಟ.

ಯುದ್ಧದ ನಂತರ ಒಕ್ಕಲುಗಳು ಉಳಿಯಲಿಲ್ಲ. ಕಾರ್ಖಾನೆಯ ಸಂಬಳ, ನಲ್ಲಿ ನೀರು, ಮಕ್ಕಳ ಶಾಲೆ ಎಲ್ಲ ಪಟ್ಟಣದಲ್ಲಿದ್ದವು. 1964ರ ಕಾನೂನು ಹೊಸ ಕೋರು ಕರಾರುಗಳನ್ನು ನಿಲ್ಲಿಸಿತು. 1982ರ ಕಾನೂನು ಉಳಿದವನ್ನು ಗೇಣಿಗೆ ಬದಲಾಯಿಸಲು ದಾರಿ ಮಾಡಿತು. ತಸ್ಕನಿಯ ತುಂಬ ಸಾವಿರಾರು ಕಲ್ಲುಮನೆಗಳು ಬೀಗವೂ ಇಲ್ಲದೆ ಬಿದ್ದಿದ್ದವು. 1985ರಲ್ಲಿ ಕೃಷಿಪ್ರವಾಸದ ಕಾನೂನು ಬಂತು. ಬೇಸಾಯ ಮಾಡುವವನು ತನ್ನ ಹೊಲದ ಮನೆಯಲ್ಲೇ ಅತಿಥಿಗಳನ್ನು ಇಟ್ಟುಕೊಳ್ಳಬಹುದು, ಆದರೆ ಬೇಸಾಯವೇ ಮುಖ್ಯ ಕಸುಬಾಗಿರಬೇಕು ಎಂಬ ನಿಯಮ. ಕಾನೂನು 2006ರಲ್ಲಿ ಬದಲಾದರೂ, ಅಗ್ರಿತುರಿಸ್ಮೊ ಎಂಬ ಫಲಕ ಕಂಡಲ್ಲೆಲ್ಲ ಇದೇ ನಿಯಮ ಕೆಲಸ ಮಾಡುತ್ತಿರುತ್ತದೆ. ಹೀಗೆ ಆ ಮನೆಗಳಿಗೆ ಹೊಸ ಛಾವಣಿ ಬಂತು, ಸ್ನಾನದ ಮನೆ ಬಂತು, ಕೊಟ್ಟಿಗೆ ಪಡಸಾಲೆಯಾಯಿತು. ಜಾಹೀರಾತಿನವರು ಕಮಾನಿನ ಪಡಸಾಲೆ ಎಂದು ಹೊಗಳುವ ಕೋಣೆಯಲ್ಲಿ ಎಷ್ಟೋ ಕಡೆ ಗೋಡೆಗೆ ಮೇವಿನ ಗೋದಲಿ ಈಗಲೂ ಅಂಟಿಕೊಂಡಿರುತ್ತದೆ.

ಲಾ ಫೋಚೆಯನ್ನು ಐರಿಸಳ ಕುಟುಂಬದವರೇ ಮುಂದುವರಿಸಿದ್ದಾರೆ. ಅಷ್ಟು ಬೇಲಿಯನ್ನು ಸಮವಾಗಿ ಕತ್ತರಿಸಲು, ನಿಂಬೆ ಕುಂಡಗಳನ್ನು ಚಳಿಗೆ ಮುಂಚೆ ಒಳಗಿಟ್ಟು ಬೇಸಿಗೆಗೆ ಹೊರಗೆ ತರಲು ಆಳು ಬೇಕು, ಹಣ ಬೇಕು. ಗೋಧಿ, ಆಲಿವ್ ಎಣ್ಣೆಯಿಂದಷ್ಟೇ ಇಂಥ ತೋಟ ನಡೆಯುವ ಕಾಲ ಹೋಯಿತು. ಸಾರ್ವಜನಿಕರಿಗೆ ತೋಟ ನಿಗದಿತ ದಿನಗಳಲ್ಲಿ, ನಿಗದಿತ ಹೊತ್ತಿನಲ್ಲಿ, ಮಾರ್ಗದರ್ಶಕರ ಜೊತೆ ಮಾತ್ರ. 1939ರಲ್ಲಿ ಕೆಲಸಗಾರರು ಸಂಜೆ ಸೇರಲೆಂದು ಕಟ್ಟಿಸಿದ್ದ ಮನೆಯಲ್ಲಿ ಈಗ ಊಟದ ಹೋಟೆಲು ನಡೆಯುತ್ತದೆ.

ಇನ್ನು, ನಿಜವಾಗಿ ಹೋಗಬೇಕೆನ್ನುವವರಿಗೆ ನಾಲ್ಕು ಮಾತು. ತಸ್ಕನಿಯ ಇಂಥ ಎಸ್ಟೇಟುಗಳಲ್ಲಿ ದರ ಸಾಮಾನ್ಯವಾಗಿ ವಾರದ ಲೆಕ್ಕ, ಅದೂ ಶನಿವಾರದಿಂದ ಶನಿವಾರಕ್ಕೆ. ಇಬ್ಬರಿಗೆ ದುಬಾರಿಯೇ. ಅಕ್ಕತಂಗಿಯರ ಎರಡು ಮೂರು ಸಂಸಾರ ಸೇರಿ ಒಂದು ದೊಡ್ಡ ಮನೆ ಹಿಡಿದರೆ ತಲೆಗೆ ಬೀಳುವ ಖರ್ಚು ಪಟ್ಟಣದ ಹೋಟೆಲಿನ ಆಸುಪಾಸಿಗೆ ಇಳಿಯುತ್ತದೆ. ಹೇಳಿದ ದರದ ಮೇಲೆ ಕೊನೆಯ ಶುಚಿಗೊಳಿಸುವ ಖರ್ಚು, ಚಳಿ ದಿನಗಳಲ್ಲಿ ಹೀಟರಿನ ಖರ್ಚು, ಮುಂಗಡ ಠೇವಣಿ, ಊರಿನ ಪ್ರವಾಸಿ ತೆರಿಗೆ ಸೇರಬಹುದು. ಮೊದಲೇ ಕೇಳಿ ಬರಹದಲ್ಲಿ ತೆಗೆದುಕೊಳ್ಳಿ. 2025ರಿಂದ ಇಟಲಿಯ ಇಂಥ ಪ್ರತಿ ಬಾಡಿಗೆ ಮನೆಗೂ ರಾಷ್ಟ್ರೀಯ ಗುರುತಿನ ಸಂಕೇತ ಕಡ್ಡಾಯ, ಜಾಹೀರಾತಿನಲ್ಲೂ ಅದನ್ನು ತೋರಿಸಬೇಕು. ತೋರಿಸದವರಿಗೆ ಹಣ ಕಳಿಸಬೇಡಿ. ಹೋದೊಡನೆ ಪಾಸ್‌ಪೋರ್ಟು ಕೇಳಿದರೆ ಅನುಮಾನ ಪಡಬೇಡಿ. ಅತಿಥಿಗಳ ವಿವರ ಪೊಲೀಸರಿಗೆ ತಿಳಿಸುವುದು ಅಲ್ಲಿ ಮಾಲೀಕರ ಹೊಣೆ.

ಕಾರಿಲ್ಲದೆ ಈ ಕಣಿವೆಯಲ್ಲಿ ಕಾಲಾಡಿಸುವುದು ಕಷ್ಟ. ರೈಲು ಕಿಯುಸಿ ನಿಲ್ದಾಣದವರೆಗೆ ಬರುತ್ತದೆ, ಅಲ್ಲಿಂದ ಮುಂದೆ ಬಾಡಿಗೆ ಕಾರು. ನಮ್ಮ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಪರವಾನಗಿ ಪತ್ರವೂ ಇರಲಿ. ಸಿಯೆನಾ, ಫ್ಲಾರೆನ್ಸಿನಂಥ ಊರುಗಳ ಹಳೆಯ ಭಾಗಕ್ಕೆ ಹೊರಗಿನ ಕಾರು ನುಗ್ಗಿಸಿದರೆ ಕ್ಯಾಮೆರಾ ಹಿಡಿದುಬಿಡುತ್ತದೆ, ಎಷ್ಟೋ ತಿಂಗಳ ಮೇಲೆ ದಂಡದ ಕಾಗದ ಮನೆಗೇ ಬರುತ್ತದೆ.

ಅಡುಗೆಮನೆ ಇರುವುದೇ ಇಂಥ ಬಾಡಿಗೆಯ ದೊಡ್ಡ ಲಾಭ. ಅಕ್ಕಿ, ಬೇಳೆ, ಸಾರಿನ ಪುಡಿ ಒಯ್ಯಬಹುದು. ತುಪ್ಪ ಹಾಲಿನ ಪದಾರ್ಥವಾದ್ದರಿಂದ ಯುರೋಪಿನ ಗಡಿಯೊಳಗೆ ತರುವಂತಿಲ್ಲ. ಹಸಿ ಕರಿಬೇವಿಗೆ ಸಸ್ಯಾರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ತೆಂಗಿನಕಾಯಿಗೆ ಮಾತ್ರ ಆ ಪ್ರಮಾಣಪತ್ರ ಬೇಡ. ಯಾರು ಪಟ್ಟಿ ಮಾಡಿದರೋ, ಅವರಿಗೆ ನಮ್ಮ ಕರಾವಳಿಯವರ ಮೇಲೆ ಪ್ರೀತಿ ಇರಬೇಕು. ಸ್ಥಳೀಯ ಊಟದಲ್ಲಿ ಪೀಚಿ ಎನ್ನುವ ದಪ್ಪ ಶಾವಿಗೆಯನ್ನು ಬೆಳ್ಳುಳ್ಳಿ ಟೊಮೆಟೊ ಜೊತೆ ಕೊಡುತ್ತಾರೆ, ಹಸಿಖಾರ ಬೇಕೆನ್ನುವವರಿಗೂ ಒಗ್ಗುತ್ತದೆ. ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಇದೇ ಕಣಿವೆಯ ಪಿಯೆಂಝಾ ಊರಿನ ಕುರಿಹಾಲಿನ ಪೆಕೊರಿನೊ ಗಿಣ್ಣು ಪ್ರಸಿದ್ಧ, ಆದರೆ ಸಾಂಪ್ರದಾಯಿಕವಾಗಿ ಮರಿಗಳ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿಯೇ ಮಾಡುವಂಥದ್ದು. ಸಂಪೂರ್ಣ ಸಸ್ಯಾಹಾರಿಗಳು ಕೇಳಿ ಕೊಳ್ಳಿ.

ಯಾವಾಗ ಹೋಗಬೇಕು? ಶಾಲೆಗೆ ಹೋಗುವ ಮಕ್ಕಳಿದ್ದರೆ ಏಪ್ರಿಲ್ ಕೊನೆಯಿಂದ ಮೇ ತನಕ ನಮ್ಮ ರಜೆಗೂ ಅಲ್ಲಿನ ವಸಂತಕ್ಕೂ ಹೊಂದುತ್ತದೆ: ಮೊದಲು ವಿಸ್ಟೀರಿಯಾ, ಆಮೇಲೆ ಗುಲಾಬಿ, ಗುಡ್ಡದ ಮೇಲೆ ಹಸಿರು ಗೋಧಿ. ಈಜುಕೊಳದ ನೀರು ಆಗಿನ್ನೂ ತಣ್ಣಗಿರುತ್ತದೆ, ಮಕ್ಕಳಿಗೆ ಮೊದಲೇ ಹೇಳಿಬಿಡಿ. ಜುಲೈ ಆಗಸ್ಟಿನಲ್ಲಿ ಬಿಸಿಲೂ ಜೋರು, ದರವೂ ಜೋರು. ಆ ವೇಳೆಗೆ ಗೋಧಿ ಕೊಯ್ದು ಗುಡ್ಡಗಳು ಬೋಳಾಗಿರುತ್ತವೆ. ಒರಿಗೊ ದಂಪತಿಗಳು ಕೊಂಡ ನೆಲ ಹೇಗಿತ್ತೆಂದು ತಿಳಿಯಬೇಕೆನ್ನುವವರು ಮಾತ್ರ ಆಗಸ್ಟಿನಲ್ಲಿ ಹೋಗಬಹುದು.

ನಮಸ್ಕಾರ.