ಸ್ಟೋರ್ಸ್‌ನಲ್ಲಿ ‘ಒಂದಿದೆ’ ಅಂದರೆ: ಫರ್ನೇಸ್ ಬಿಡಿಭಾಗಗಳ ಲೆಕ್ಕ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸ್ಟೋರ್ಸ್ ನೋಡಿಕೊಳ್ಳುವವರಿದ್ದೀರಿ, ಮೇಂಟೆನೆನ್ಸ್‌ನವರಿದ್ದೀರಿ, ಸ್ವಂತ ಯೂನಿಟ್ ನಡೆಸುವವರೂ ಇದ್ದೀರಿ. ಒಂದು ರಾತ್ರಿಯ ವಿಷಯದಿಂದ ಶುರು ಮಾಡುತ್ತೇನೆ.

ಆಗ ನಾನು ಪೀಣ್ಯದ ಒಂದು ಹೀಟ್ ಟ್ರೀಟ್‌ಮೆಂಟ್ ಶಾಪ್‌ನಲ್ಲಿ ಮೇಂಟೆನೆನ್ಸ್‌ನಲ್ಲಿದ್ದೆ. ಪಿಟ್ ಫರ್ನೇಸ್‌ನಲ್ಲಿ, ಅಂದರೆ ಗುಂಡಿಯಂಥ ಕುಲುಮೆಯಲ್ಲಿ, ಶಾಫ್ಟ್‌ಗಳಿಗೆ ಕಾರ್ಬುರೈಸಿಂಗ್ (ಉಕ್ಕಿನ ಮೇಲ್ಪದರಕ್ಕೆ ಇಂಗಾಲ ಸೇರಿಸಿ ಗಟ್ಟಿ ಮಾಡುವುದು) ನಡೆಯುತ್ತಿತ್ತು. ಒಳಗೆ 920 ಡಿಗ್ರಿ ಸೆಲ್ಸಿಯಸ್. ಮಧ್ಯರಾತ್ರಿ ಮುಚ್ಚಳದ ಫ್ಯಾನಿನ ಬೇರಿಂಗ್ ಸದ್ದು ಮಾಡತೊಡಗಿತು. ಆ ಫ್ಯಾನ್ ನಿಂತರೆ ಒಳಗಿನ ಗ್ಯಾಸ್ ಸಮವಾಗಿ ತಿರುಗುವುದಿಲ್ಲ. ಮೇಲಿನ ಶಾಫ್ಟ್‌ಗೆ ಒಂದು ಕೇಸ್ ಡೆಪ್ತ್ (ಗಟ್ಟಿ ಪದರದ ಆಳ), ಕೆಳಗಿನದಕ್ಕೆ ಇನ್ನೊಂದು. ಆ ಲೋಡನ್ನು ಹೇಗೋ ಮುಗಿಸಿ ಬೇರಿಂಗ್ ಬದಲಾಯಿಸಿದೆವು. ರಿಜಿಸ್ಟರ್‌ನಲ್ಲಿ ‘6312 – ಒಂದು’ ಅಂತಿತ್ತು. ಕಪಾಟಿನಲ್ಲೂ ಇತ್ತು. ಹೊಸದು, ಪೊಟ್ಟಣ ಒಡೆಯದೇ ಇದ್ದದ್ದು.

ಮುಂದಿನ ಲೋಡಿನಲ್ಲಿ ಬಿಸಿ ಏರುತ್ತಿದ್ದಂತೆ ಆ ಹೊಸ ಬೇರಿಂಗ್ ಜಾಮ್ ಆಯಿತು. ಲೋಡು ಹಾಳಾಯಿತು.

ಕಾರಣ ತುಂಬಾ ಸಣ್ಣದು. ಫ್ಯಾನಿನ ಬಿಸಿ ಶಾಫ್ಟ್‌ನ ಮೇಲೆ ಕೂರುವ ಬೇರಿಂಗ್‌ನ ಒಳಗಿನ ರಿಂಗ್ ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಜಾಗ ಇರಲಿ ಅಂತ ಒಳಗೆ ಸ್ವಲ್ಪ ಜಾಸ್ತಿ ಸಡಿಲ ಬಿಟ್ಟು ಮಾಡಿದ ಬೇರಿಂಗ್ ಬೇಕು. ಅದರ ಗುರುತು ನಂಬರಿನ ಕೊನೆಯಲ್ಲಿರುವ ‘ಸಿ3’ ಅಥವಾ ‘ಸಿ4’. ನಮಗೆ ಬೇಕಿದ್ದದ್ದು 6312 ಸಿ3. ಯಾವಾಗಲೋ ಪಟ್ಟಿಯನ್ನು ಹೊಸದಾಗಿ ಟೈಪ್ ಮಾಡುವಾಗ ‘ಸಿ3’ ಬಿಟ್ಟುಹೋಗಿತ್ತು. ಇಂಡೆಂಟ್‌ಗೆ, ಅಂದರೆ ಸಾಮಾನು ತರಿಸುವ ಬೇಡಿಕೆ ಚೀಟಿಗೆ, ಸಹಿ ಹಾಕಿದ್ದು ನಾನೇ. ಸ್ಟೋರ್ಸ್‌ನವರಿಗೆ ಅದು ಬರೀ ನಂಬರು. ಅದು ಯಾವ ಬಿಸಿಗೆ ಹೋಗುವ ವಸ್ತು ಅಂತ ನಾವು ಯಾರೂ ಅವರಿಗೆ ಹೇಳಿರಲಿಲ್ಲ.

ಅವತ್ತಿನಿಂದ ನನಗೆ ಈ ಮಾತು ಮನಸ್ಸಿನಲ್ಲಿ ಕೂತಿದೆ. ರಿಜಿಸ್ಟರ್ ಎಷ್ಟಿದೆ ಅಂತ ಹೇಳುತ್ತದೆ. ಆ ರಾತ್ರಿ ಅದು ಕೆಲಸಕ್ಕೆ ಬರುತ್ತದಾ ಅಂತ ಹೇಳುವುದಿಲ್ಲ. ಫರ್ನೇಸ್‌ನ ಬಿಡಿಭಾಗಗಳಲ್ಲಿ ಈ ಎರಡರ ನಡುವಿನ ಅಂತರ ಬೇರೆ ಯಂತ್ರಗಳಿಗಿಂತ ಜಾಸ್ತಿ.

ಕರೆಂಟಿನಿಂದ ಫರ್ನೇಸನ್ನು ಕಾಯಿಸುವ ಸಿಲಿಕಾನ್ ಕಾರ್ಬೈಡ್ ರಾಡ್‌ಗಳನ್ನೇ ತಗೊಳ್ಳಿ. ಇವು ಬಳಸುತ್ತಾ ಬಳಸುತ್ತಾ ಹಳೆಯದಾಗುತ್ತವೆ, ರೆಸಿಸ್ಟೆನ್ಸ್ ಏರುತ್ತಾ ಹೋಗುತ್ತದೆ. ಆಯಸ್ಸು ಮುಗಿಯುವ ಹೊತ್ತಿಗೆ ಅದು ಮೊದಲಿನ ಸುಮಾರು ನಾಲ್ಕು ಪಟ್ಟು ಆಗಿರಬಹುದು. ಈಗ ಆರು ರಾಡ್‌ನಲ್ಲಿ ಒಂದು ಮುರಿಯಿತು ಅಂದುಕೊಳ್ಳಿ. ಸ್ಟೋರ್ಸ್‌ನಿಂದ ಹೊಸದೊಂದು ತಂದು ಹಾಕುತ್ತೀರಿ. ಪ್ಯಾರಲಲ್ ಕನೆಕ್ಷನ್ ಆಗಿದ್ದರೆ ಕಡಿಮೆ ರೆಸಿಸ್ಟೆನ್ಸ್‌ನ ಹೊಸ ರಾಡ್ ಜಾಸ್ತಿ ಕರೆಂಟ್ ಎಳೆದು, ಮಿತಿ ಮೀರಿ ಕಾದು, ಬೇಗ ಸಾಯುತ್ತದೆ. ಸೀರೀಸ್ ಆಗಿದ್ದರೆ ಭಾರವೆಲ್ಲ ಹಳೆಯ ರಾಡ್‌ಗಳ ಮೇಲೆ ಬೀಳುತ್ತದೆ. ಹಾಗಾಗಿ ಇದರ ಲೆಕ್ಕ ಸೆಟ್‌ನಲ್ಲಿ. ಬಿಡಿಯಾಗಿ ಎರಡು ಹೊಸ ರಾಡ್ ಇದ್ದರೆ, ಹಳೆಯ ಫರ್ನೇಸ್‌ನ ಮಟ್ಟಿಗೆ ನಿಮ್ಮ ಹತ್ತಿರ ಸ್ಪೇರ್ ಇಲ್ಲ ಅಂತಲೇ ಅರ್ಥ.

ಇನ್ನೊಂದು ವಿಷಯ. ಇಡೀ ಸೆಟ್ ಬದಲಾಯಿಸಿದಾಗ ತೆಗೆದ ಹಳೆಯ ರಾಡ್‌ಗಳಲ್ಲಿ ಚೆನ್ನಾಗಿರುವುದನ್ನು ಎಸೆಯಬೇಡಿ. ಅರ್ಧ ಹಳೆಯದಾದ ಸೆಟ್‌ನಲ್ಲಿ ಒಂದು ಮುರಿದಾಗ ಅದಕ್ಕೆ ಜೋಡಿ ಆಗುವುದು ಅರ್ಧ ಹಳೆಯ ರಾಡೇ. ಆದರೆ ರೆಸಿಸ್ಟೆನ್ಸ್ ಬರೆದಿಡಬೇಕು. ತಣ್ಣಗಿರುವಾಗ ಸುಮ್ನೆ ಮಲ್ಟಿಮೀಟರ್ ಹಿಡಿದರೆ ಬರುವ ಸಂಖ್ಯೆಯನ್ನು ನಂಬಲು ಆಗುವುದಿಲ್ಲ. ಫರ್ನೇಸ್ ಕಾದು ನಡೆಯುತ್ತಿರುವಾಗಿನ ವೋಲ್ಟ್, ಆಂಪಿಯರ್ ನೋಡಿ ಲೆಕ್ಕ ಹಾಕಿ, ತೆಗೆಯುವಾಗ ಚೀಟಿ ಅಂಟಿಸಿ.

ಫರ್ನೇಸ್ ಕಾಯಿಸಲು ರಾಡ್ ಬದಲು ಕ್ಯಾಂಥಾಲ್ ಕಾಯಿಲ್ ಬಳಸುವವರಿಗೆ ಬೇರೆ ಎಚ್ಚರಿಕೆ. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಈ ತಂತಿ ಒಮ್ಮೆ ಚೆನ್ನಾಗಿ ಕಾದಮೇಲೆ ತಣ್ಣಗಾದಾಗ ಪೆಡಸಾಗಿರುತ್ತದೆ. ಇಟ್ಟಿಗೆ ಸರಿಮಾಡಲು ಅಂತ ಫರ್ನೇಸ್ ತೆರೆದು ಕಾಯಿಲ್ ಸ್ವಲ್ಪ ಸರಿಸಿದರೂ ಸಾಕು, ಪಟ್ ಅಂತ ಮುರಿಯುತ್ತದೆ. ಆದ್ದರಿಂದ ಬೇರೆ ಕೆಲಸಕ್ಕೆ ತೆರೆಯುವ ಮೊದಲೂ ಆ ಝೋನ್‌ನ ಕಾಯಿಲ್ ಕೈಯಲ್ಲಿದೆಯಾ ನೋಡಿಕೊಳ್ಳಿ.

ಇನ್ನು ತಾಪ ಅಳೆಯುವ ಥರ್ಮೋಕಪಲ್. ‘ಕೆ’ ಟೈಪ್ ಅಗ್ಗ, ಎಲ್ಲರ ಹತ್ತಿರವೂ ಇರುತ್ತದೆ. ಅದು ತುಂಡಾದರೆ ಒಳ್ಳೆಯದೇ ಅಂತೀನಿ ನಾನು, ಗೊತ್ತಾಗುತ್ತದೆ. ತುಂಡಾಗದೆ ತಪ್ಪು ತೋರಿಸಿದರೆ ಕಷ್ಟ. ಆಮ್ಲಜನಕ ತೀರಾ ಕಡಿಮೆ ಇರುವ ಕಡೆ, 800 ಡಿಗ್ರಿಯಿಂದಾಚೆ, ಅದರ ಎರಡು ತಂತಿಗಳಲ್ಲಿ ಒಂದಾದ ಕ್ರೋಮೆಲ್ ತಂತಿಯಲ್ಲಿರುವ ಕ್ರೋಮಿಯಂ ಮಾತ್ರ ತಿಂದುಹೋಗಿ ತಂತಿ ಹಸಿರಾಗುತ್ತದೆ. ಆಗ ಅದು ನಿಜಕ್ಕಿಂತ ಕಡಿಮೆ ತಾಪ ತೋರಿಸುತ್ತದೆ. ಕಂಟ್ರೋಲರ್ ಅದನ್ನು ನಂಬಿ ಇನ್ನೂ ಬಿಸಿ ಕೊಡುತ್ತದೆ. ಹಾಗಾಗಿ ಕೆಟ್ಟ ಮೇಲೆ ಇಂಡೆಂಟ್ ಹಾಕುವ ವಸ್ತು ಇದಲ್ಲ. ಇಷ್ಟು ಗಂಟೆ ಓಡಿದ ಮೇಲೆ ಬದಲಾಯಿಸುವುದು ಅಂತ ನಿಗದಿ ಮಾಡಿ, ವರ್ಷದ ಬೇಡಿಕೆಯನ್ನು ಮೊದಲೇ ಲೆಕ್ಕ ಹಾಕಬಹುದು. ವಿಮಾನದ ಭಾಗಗಳ ಕೆಲಸ ಮಾಡುವ ಬೆಂಗಳೂರಿನ ಯೂನಿಟ್‌ಗಳಿಗೆ ಫರ್ನೇಸ್‌ನ ತಾಪ ಅಳೆಯುವ ಬಗ್ಗೆ ಇರುವ ನಿಯಮಾವಳಿ ಎಎಂಎಸ್ 2750 ಗೊತ್ತೇ ಇದೆ. ಅಲ್ಲಿ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇಲ್ಲದ ಥರ್ಮೋಕಪಲ್ ಕಪಾಟಿನಲ್ಲಿ ಹತ್ತಿದ್ದರೂ ಬಳಸುವಂತಿಲ್ಲ. ಸರ್ಟಿಫಿಕೇಟನ್ನೂ ಸ್ಪೇರ್‌ನ ಒಂದು ಭಾಗ ಅಂತಲೇ ಎಣಿಸಿ.

ಬೆಳಗಾವಿಯ ಫೌಂಡ್ರಿಗಳಿಂದ ಬಂದವರಿಗೆ ಮಳೆಗಾಲದ ಬಗ್ಗೆ ನಾನು ಹೇಳಬೇಕಿಲ್ಲ. ಲೋಹ ಕರಗಿಸುವ ಇಂಡಕ್ಷನ್ ಫರ್ನೇಸ್‌ನ ಲೈನಿಂಗ್‌ಗೆ, ಅಂದರೆ ಒಳಪದರಕ್ಕೆ, ಬಡಿದು ತುಂಬುವ ಪುಡಿಯಾದ ರ‍್ಯಾಮಿಂಗ್ ಮಾಸ್‌ಗೆ ತೇವವೇ ಶತ್ರು. ಬಿಸಿ ತಡೆಯುವ ಕಾಂಕ್ರೀಟಿನಂಥ ಕಾಸ್ಟಬಲ್ ಮೂಟೆಯೂ ಹಾಗೆಯೇ. ಅದರಲ್ಲಿ ಸಿಮೆಂಟ್ ಇರುತ್ತದೆ. ಒಣಗಿದ ಜಾಗದಲ್ಲಿ ಇಟ್ಟರೂ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಬಳಸಿಬಿಡಬೇಕು. ರೇಟು ಕಡಿಮೆ ಸಿಕ್ಕಿತು ಅಂತ ಏಪ್ರಿಲ್‌ನಲ್ಲಿ ನೂರು ಮೂಟೆ ತಂದು ಗೋಡೆಗೆ ಒರಗಿಸಿಟ್ಟರೆ, ಸೆಪ್ಟೆಂಬರ್‌ನಲ್ಲಿ ಗಟ್ಟಿ ಕಟ್ಟಿದ ಹೆಂಟೆ ಸಿಗುತ್ತದೆ. ಮರದ ಪ್ಯಾಲೆಟ್ ಮೇಲೆ, ಗೋಡೆಯಿಂದ ದೂರ ಇಡಿ. ತಯಾರಾದ ತಿಂಗಳು ಕಾಣುವ ಹಾಗೆ ಜೋಡಿಸಿ. ಮೊದಲು ಬಂದದ್ದು ಮೊದಲು ಹೋಗಲಿ.

ಈಗ ಎಷ್ಟು ಇಡಬೇಕು ಅನ್ನುವ ಪ್ರಶ್ನೆ. ಹಣದ ಲೆಕ್ಕದಲ್ಲಿ ಎ, ಬಿ, ಸಿ ಅಂತ ವಿಂಗಡಿಸುವುದು ನಿಮಗೆಲ್ಲ ಗೊತ್ತು, ಹೆಚ್ಚು ಹಣ ಹೋಗುವುದು ‘ಎ’, ಕಡಿಮೆ ಹೋಗುವುದು ‘ಸಿ’. 1913ರಲ್ಲಿ ಫೋರ್ಡ್ ಹ್ಯಾರಿಸ್ ಕೊಟ್ಟ ಆರ್ಡರ್ ಪ್ರಮಾಣದ ಸೂತ್ರವೂ ಕೆಲವರಿಗೆ ಗೊತ್ತಿರಬಹುದು. ಗ್ರೀಸ್, ಗ್ಯಾಸ್ಕೆಟ್, ಬೋಲ್ಟ್‌ಗೆ ಅವು ಸಾಕು. ಆದರೆ ಫರ್ನೇಸ್‌ಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಥೈರಿಸ್ಟರನ್ನು ಕಾಪಾಡುವ ಫಾಸ್ಟ್ ಫ್ಯೂಸ್ ಹಣದ ಲೆಕ್ಕದಲ್ಲಿ ‘ಸಿ’ಗೆ ಬೀಳುತ್ತದೆ. ಅದು ಇಲ್ಲದಿದ್ದರೆ ಫರ್ನೇಸ್ ನಿಲ್ಲುತ್ತದೆ. ಅವಸರಕ್ಕೆ ಮಾಮೂಲಿ ಫ್ಯೂಸ್ ಹಾಕಿದರೆ ಥೈರಿಸ್ಟರೇ ಸುಟ್ಟುಹೋಗುತ್ತದೆ. ಆದ್ದರಿಂದ ಬೆಲೆಯ ಜೊತೆಗೆ, ಇದಿಲ್ಲದಿದ್ದರೆ ಏನು ನಿಲ್ಲುತ್ತದೆ ಅನ್ನುವುದನ್ನೂ ಪಟ್ಟಿಯಲ್ಲಿ ಬರೆಯಿರಿ.

ಫರ್ನೇಸ್‌ನ ಒಂದು ಎಲೆಕ್ಟ್ರಾನಿಕ್ ಕಾರ್ಡ್ ಆರ್ಡರ್ ಮಾಡಿದರೆ ಬರಲು ಆರು ತಿಂಗಳು ಅಂದುಕೊಳ್ಳಿ. ಸರಾಸರಿ ಆರು ತಿಂಗಳಿಗೆ ಒಂದು ಕೆಡುತ್ತದೆ. ಹಾಗಾದರೆ ಒಂದಿದ್ದರೆ ಸಾಕಲ್ವಾ? ಹೆಚ್ಚಿನವರು ಹೌದು ಅಂತಾರೆ. ಆದರೆ ಕೆಡುವುದು ಕ್ಯಾಲೆಂಡರ್ ನೋಡಿಕೊಂಡಲ್ಲ. ಫ್ರಾನ್ಸಿನ ಗಣಿತಜ್ಞ ಪ್ವಾಸೋನ್ ಹೆಸರಿನ ಲೆಕ್ಕ ಹಾಕಿ ನೋಡಿ. ಒಂದು ಇಟ್ಟರೆ ನೂರರಲ್ಲಿ ಸುಮಾರು 26 ಸಲ ಕೊರತೆ ಬೀಳುತ್ತದೆ. ಎರಡು ಇಟ್ಟರೆ 8 ಸಲ. ಮೂರು ಇಟ್ಟರೆ 2 ಸಲ. ಎರಡೋ ಮೂರೋ ಅನ್ನುವುದನ್ನು, ಒಂದು ದಿನ ಫರ್ನೇಸ್ ನಿಂತರೆ ಆಗುವ ನಷ್ಟ ನೋಡಿ ಮಾಲೀಕರು ತೀರ್ಮಾನಿಸಲಿ. ಈ ಲೆಕ್ಕ ಮುನ್ಸೂಚನೆ ಇಲ್ಲದೆ ಕೆಡುವ ವಸ್ತುಗಳಿಗೆ ಮಾತ್ರ. ಲೈನಿಂಗ್‌ನಂಥ ಸವೆಯುವ ವಸ್ತುಗಳಿಗೆ ಎಷ್ಟು ಹೀಟ್ ಆಯಿತು, ಅಂದರೆ ಎಷ್ಟು ಸಲ ಲೋಹ ಕರಗಿಸಿದೆವು, ಅಂತ ಎಣಿಸಿದರೆ ಸಾಕು.

ತುಂಬಾ ದುಬಾರಿಯಾಗಿ, ವರ್ಷಗಟ್ಟಲೆ ಬೇಕಾಗದ ವಸ್ತುಗಳೂ ಇವೆ, ಇಂಡಕ್ಷನ್ ಕಾಯಿಲ್ ಥರ. ಒಂದೇ ಅಳತೆಯ ಫರ್ನೇಸ್ ಇರುವ ಅಕ್ಕಪಕ್ಕದ ಮೂರು ಯೂನಿಟ್‌ಗಳು ಸೇರಿ ಒಂದು ಕಾಯಿಲ್ ಇಟ್ಟುಕೊಳ್ಳಬಹುದು. ಸಣ್ಣ ಯೂನಿಟ್‌ಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಯಾರು ಬಳಸಿದರೆ ಎಷ್ಟು ದಿನದಲ್ಲಿ ಹೊಸದು ತಂದಿಡಬೇಕು ಅಂತ ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ.

ಆ ಬೇರಿಂಗ್ ರಾತ್ರಿಯ ನಂತರ ನಾವು ಒಂದು ಕೆಲಸ ಮಾಡಿದೆವು. ಸ್ಟೋರ್ಸ್‌ನ ಹುಡುಗನನ್ನು ಪ್ರತಿ ಶನಿವಾರ ಒಂದು ಗಂಟೆ ಫರ್ನೇಸ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಯಾವ ವಸ್ತು ಎಲ್ಲಿ ಕೂರುತ್ತದೆ, ಎಷ್ಟು ಬಿಸಿ ತಿನ್ನುತ್ತದೆ ಅಂತ ಅವನು ಕಣ್ಣಾರೆ ನೋಡಿದ. ಮೂರನೇ ವಾರ ಅವನೇ ಬಂದು ಕೇಳಿದ: “ಸಾರ್, ಆ ಸ್ಪೇರ್ ಬ್ಲೋವರ್ ಮೋಟರ್ ಕಂಪ್ರೆಸರ್ ಪಕ್ಕದಲ್ಲೇ ಇದೆಯಲ್ಲಾ, ನೆಲ ಯಾವಾಗಲೂ ನಡುಗುತ್ತಿರುತ್ತದೆ. ಬೇರಿಂಗ್‌ಗೆ ಏನೂ ಆಗಲ್ವಾ?” ಆಗುತ್ತದೆ. ತಿರುಗದೆ ನಿಂತ ಬೇರಿಂಗ್‌ನ ಬಾಲ್‌ಗಳು ಆ ನಡುಕಕ್ಕೆ ಒಂದೇ ಜಾಗದಲ್ಲಿ ಗುಂಡಿ ಮಾಡುತ್ತವೆ. ಮೋಟರನ್ನು ಅವತ್ತೇ ಬೇರೆ ಕೋಣೆಗೆ ಸಾಗಿಸಿದೆವು. ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಅವನು ಶಾಫ್ಟನ್ನು ಕೈಯಿಂದ ತಿರುಗಿಸಿ, ಬಿನ್ ಕಾರ್ಡ್‌ನಲ್ಲಿ ತಾರೀಖು ಬರೆದು ಸಹಿ ಹಾಕುತ್ತಿದ್ದ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.