ಬಡಿಸುವವರು ಯಾರು, ಬೋರ್ಡು ಯಾರದು

ಕೇಳುಗರಿಗೆ ನಮಸ್ಕಾರ.

ಕಳೆದ ವಾರ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮಾನಸಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿ ಮೊಬೈಲ್ ತೋರಿಸಿದಳು. ಸೋಮವಾರ ಸಂಶೋಧನಾ ಪತ್ರಿಕೆಯೊಂದಕ್ಕೆ ಕಳುಹಿಸಿದ ಲೇಖನಕ್ಕೆ ಗುರುವಾರವೇ ಒಪ್ಪಿಗೆ ಬಂದಿತ್ತು. ಲೇಖನ ಓದಿ ತೂಗಬೇಕಾದ ಪರಿಶೀಲಕರ ಅಭಿಪ್ರಾಯ ಎರಡೇ ಸಾಲು: ಲೇಖನ ಚೆನ್ನಾಗಿದೆ, ಭಾಷೆ ತಿದ್ದಿ. ಲೇಖನ ಪ್ರಕಟವಾಗಲು ಅವಳು ಹಣ ಕಟ್ಟುವ ವಿವರ ಮಾತ್ರ ಪುಟ ತುಂಬ ಇತ್ತು. “ಸಂತೋಷಪಡಲೋ ಬೇಡವೋ ಸರ್?” ಎಂದು ಕೇಳಿದಳು.

ಬಡಿಸುವವನು ನಮ್ಮವನಾದರೆ ಪಂಕ್ತಿಯ ಕೊನೆಯಲ್ಲಿ ಕುಳಿತರೂ ಚಿಂತೆಯಿಲ್ಲ ಎನ್ನುತ್ತಾರೆ. ‘ಕೇಯಾಸ್, ಸಾಲಿಟಾನ್ಸ್ ಅಂಡ್ ಫ್ರ್ಯಾಕ್ಟಲ್ಸ್’ ಎಂಬ ಗಣಿತ-ಭೌತವಿಜ್ಞಾನದ ಪತ್ರಿಕೆಯಲ್ಲಿ ಬಡಿಸುವವರೂ ಉಣ್ಣುವವರೂ ಒಬ್ಬರೇ ಆಗಿದ್ದರು. 2008ರ ಡಿಸೆಂಬರ್ ಸಂಚಿಕೆಯ 36 ಲೇಖನಗಳಲ್ಲಿ 5 ಪ್ರಧಾನ ಸಂಪಾದಕರದೇ ಎಂದು ವಿಜ್ಞಾನ ಪತ್ರಿಕೆ ‘ನೇಚರ್’ ಬರೆಯಿತು. ಆ ಸಂಪಾದಕರು ‘ನೇಚರ್’ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿ 2012ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಸೋತರು. ಅದಿರಲಿ. ಆ ಸಂಚಿಕೆಗಳನ್ನು ಅಚ್ಚು ಹಾಕಿ ಗ್ರಂಥಾಲಯಗಳಿಗೆ ಮಾರಿದ ಎಲ್ಸೆವಿಯರ್ ಸಂಸ್ಥೆಗೆ ಪರಿವಿಡಿ ಕಾಣಿಸಲಿಲ್ಲವೇ?

ಹಿಂದಾವಿ ಎಂಬ ಪ್ರಕಾಶನ ಸಂಸ್ಥೆಯ ಪತ್ರಿಕೆಗಳು 2023ರಲ್ಲಿ 8,000ಕ್ಕೂ ಹೆಚ್ಚು ಲೇಖನಗಳನ್ನು, ಪ್ರಕಟವಾದ ಮೇಲೆ, ನಂಬಲರ್ಹವಲ್ಲವೆಂದು ಹಿಂಪಡೆದವು. ಹೆಚ್ಚಿನವು ಹೊರಗಿನ ಅತಿಥಿ ಸಂಪಾದಕರ ಕೈಗೆ ಒಪ್ಪಿಸಿದ ವಿಶೇಷ ಸಂಚಿಕೆಗಳಲ್ಲಿ ನುಸುಳಿದ್ದವು. ಅತಿಥಿಗಳ ಮೇಲೆ ಗೂಬೆ ಕೂರಿಸುವುದು ಸುಲಭ. ಆದರೆ ಲೇಖನಕ್ಕಿಷ್ಟೆಂದು ಶುಲ್ಕ ಎಣಿಸಿಕೊಂಡವರು ಆ ಅತಿಥಿಗಳಲ್ಲ.

ಇನ್ನು, ಸಂಪಾದಕರೇ ಸಿಡಿದೆದ್ದರೆ? 1949ರಿಂದ ನಡೆದುಬಂದಿದ್ದ ಭಾಷಾವಿಜ್ಞಾನದ ಪತ್ರಿಕೆ ‘ಲಿಂಗ್ವಾ’ದಲ್ಲಿ 2015ರಲ್ಲಿ ಹಾಗೆಯೇ ಆಯಿತು. ಓದುವವರಿಗೆ ಪತ್ರಿಕೆ ಉಚಿತವಾಗಿರಲಿ, ಬರೆಯುವವರ ಶುಲ್ಕ ಕಡಿಮೆಯಾಗಲಿ, ಒಡೆತನ ನಮಗೆ ಬರಲಿ ಎಂದು ಸಂಪಾದಕರು ಕೇಳಿದರು. ಎಲ್ಸೆವಿಯರ್ ಒಪ್ಪಲಿಲ್ಲ. 6 ಸಂಪಾದಕರೂ ಮಂಡಳಿಯ 31 ಸದಸ್ಯರೂ ಒಟ್ಟಿಗೆ ಹೊರನಡೆದು ‘ಗ್ಲಾಸಾ’ ಎಂಬ ಹೊಸ ಪತ್ರಿಕೆ ಕಟ್ಟಿದರು. ‘ಲಿಂಗ್ವಾ’ ಹೆಸರು ಮಾತ್ರ ಪ್ರಕಾಶಕರ ಬಳಿಯೇ ಉಳಿಯಿತು. ಬೇರೆ ಸಂಪಾದಕರು ಬಂದರು, ಪತ್ರಿಕೆ ಈಗಲೂ ನಡೆಯುತ್ತಿದೆ. ನಮ್ಮ ಅಗ್ರಹಾರದ ಕಡೆಯ ಹೋಟೆಲುಗಳಲ್ಲೂ ಅಷ್ಟೇ: ಭಟ್ಟರು ಸೌಟು ಕೆಳಗಿಟ್ಟು ಹೋದರೂ ಬೋರ್ಡು ಮಾಲೀಕರದು. ದೂರದ ಊರಿನಿಂದ ಬಂದವರಿಗೆ ಕಾಣುವುದು ಬೋರ್ಡು, ಭಟ್ಟರಲ್ಲ.

ಆ ಹುಡುಗಿ ಇನ್ನೂ ಹಣ ಕಟ್ಟಿಲ್ಲ. ಅವಳ ಪತ್ರಿಕೆಯ ಸಂಪಾದಕ ಮಂಡಳಿಯ ಪಟ್ಟಿಯಲ್ಲಿ ನನಗೆ ಪರಿಚಯವಿದ್ದ ಒಬ್ಬರ ಹೆಸರಿತ್ತು. ಅವರಿಗೆ ಬರೆದು ವಿಚಾರಿಸಿದೆ. ಮರುದಿನವೇ ಉತ್ತರ ಬಂತು: “ನಾನು ಅದನ್ನು ಬಿಟ್ಟು ಎರಡು ವರ್ಷವಾಯಿತು. ಹೆಸರು ತೆಗೆಯಿರೆಂದು ಮೂರು ಸಲ ಬರೆದಿದ್ದೇನೆ. ಇನ್ನೂ ಇದೆಯೇ?”